ಹಳೇ ಟ್ಯಾಬಿಗೆ ನಾಲ್ಕು ಸಾವಿರ

ಗಾಜು ಹಾಕಿಸಲು ಮೂರು ಸಾವಿರದ ಇನ್ನೂರು. ಬ್ಯಾಟರಿಗೆ ಸಾವಿರದ ಆರುನೂರು, ಅದೂ ಒರಿಜಿನಲ್ ಅಲ್ಲ. ಇಷ್ಟು ಖರ್ಚು ಮಾಡಿದರೂ ಇದರಲ್ಲಿ ವಾಟ್ಸಾಪ್ ಇನ್ನೆಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ ಎಂದು ಅಜ್ಜಂಪುರದ ರಿಪೇರಿ ಅಂಗಡಿಯ ತಿಮ್ಮೇಶ್ ಹೇಳಿದ್ದ. ಹೊಸ ಟ್ಯಾಬಿಗೆ ಹದಿನಾರು ಸಾವಿರದ ಐನೂರು. ಹಳೆಯದನ್ನು ಕೊಟ್ಟರೆ ತಿಮ್ಮೇಶ್ ಎಂಟುನೂರು ಮುರಿದುಕೊಳ್ಳುತ್ತಾನೆ. ಕಡೂರಿನ ಓಂಕಾರೇಶ್ ಮಾತ್ರ ನಾಲ್ಕು ಸಾವಿರ ಎಂದಿದ್ದ.

ಹದಿನಾರು ಸಾವಿರವನ್ನು ಸಾವಿತ್ರಮ್ಮ ಹೇಗೋ ಅರಗಿಸಿಕೊಂಡಾಳು. ಆ ನಾಲ್ಕು ಸಾವಿರ ಗಂಟಲಲ್ಲಿ ಇಳಿಯಲಿಲ್ಲ.

"ಕೊಡೋನು ಕೊಡ್ತೀನಿ ಅಂದ್ರೆ ನಿನಗ್ಯಾಕೆ ಸಂಕಟ? ಇಸ್ಕೊಂಡು ಸುಮ್ನಿರೋದು ಕಲಿ," ಎಂದ ಅವಳ ಗಂಡ ಪಂಚಾಕ್ಷರಪ್ಪ, ಹಿಟ್ಟಿನ ಗಿರಣಿಯ ಬೆಲ್ಟು ಬಿಗಿ ಮಾಡುತ್ತ.

"ಸುಮ್ಸುಮ್ನೆ ಯಾರೂ ಕೊಡಲ್ಲ ಕಣ್ರೀ. ನೀವು ಯಾರಿಗಾದ್ರೂ ಒಂದು ಹಿಡಿ ಹಿಟ್ಟು ಜಾಸ್ತಿ ಹಾಕಿ ಕೊಟ್ಟಿದ್ದೀರಾ?"

"ಗಿರಣಿಯೊಳಗೆ ಉಳ್ಕೊಂಡಿದ್ದನ್ನ ಹೆಂಗೇ ಕೊಡಕ್ಕಾಗುತ್ತೆ?"

"ಅದನ್ನೇ ನಾನು ಹೇಳ್ತಿರೋದು. ಅವನ ಗಿರಣಿಯೊಳಗೆ ಏನು ಉಳ್ಕೊಳ್ಳುತ್ತೆ ಅಂತ ನೋಡ್ಬೇಕು."

ಸಾವಿತ್ರಮ್ಮನ ಕಸುಬು ಹುಟ್ಟಿದ್ದೇ ಆ ಗಿರಣಿಯಲ್ಲಿ. ರಾಗಿ ಡಬ್ಬ ಸಾಲಿಗಿಟ್ಟು ಕಾಯುವ ಹೆಂಗಸರು ಸುಮ್ಮನೆ ಕೂರುವುದಿಲ್ಲ. ಮಗಳ ಮಾತು, ಮೈದುನನ ಮಾತು ಬಂದೇ ಬರುತ್ತದೆ. ಇವಳು ಕೇಳಿಸಿಕೊಂಡಳು, ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ದಾಟಿಸಿದಳು, ಒಂದು ಮದುವೆ ಕೂಡಿತು. ಈಗ ಮಠಕ್ಕೆ ನಡೆದುಕೊಳ್ಳುವ ಮನೆತನಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಮೂರು ತಾಲ್ಲೂಕಿಗೂ ಸಂಬಂಧ ಹುಡುಕುವವರು ಮೊದಲು ಅವಳನ್ನೇ ಕೇಳುತ್ತಾರೆ. ಮದುವೆ ಆದ ಮೇಲೆ ಎರಡೂ ಕಡೆಯಿಂದ ಒಂದೊಂದು ಸೀರೆ, ಕೈಲಾದಷ್ಟು ದುಡ್ಡು.

ಫೋಟೋಗಳೆಲ್ಲ ಆ ಟ್ಯಾಬಿನಲ್ಲಿದ್ದವು. ಅಪ್ಪನಿಗೆ ಗೊತ್ತಿಲ್ಲದೆ ತಾಯಿ ಕಳಿಸಿದ ಫೋಟೋ ಇತ್ತು. ನಿಶ್ಚಿತಾರ್ಥ ಮುರಿದು ಹೋದ ಹುಡುಗಿಯರದ್ದಿತ್ತು. ಗಂಡ ಸತ್ತು ಎರಡನೇ ಸಂಬಂಧ ನೋಡುತ್ತಿದ್ದವರದ್ದೂ ಇತ್ತು. ಸಾವಿತ್ರಮ್ಮನ ಕೈಗೆ ಕೊಟ್ಟ ಫೋಟೋ ಬೀದಿಗೆ ಬರುವುದಿಲ್ಲ ಎಂಬುದೇ ಅವಳ ಬಂಡವಾಳ. ಬೇರೆ ಬಂಡವಾಳ ಅವಳಲ್ಲಿರಲಿಲ್ಲ.

ಆದ್ದರಿಂದ ಓಂಕಾರೇಶ್ ಆಡಿದ ಇನ್ನೊಂದು ಮಾತು ಅವಳನ್ನು ಕೊರೆಯುತ್ತಿತ್ತು.

ಕಡೂರು ಬಸ್ ಸ್ಟ್ಯಾಂಡಿನ ಹತ್ತಿರದ ಅವನ ಮೊಬೈಲ್ ಅಂಗಡಿಗೆ ಅವಳು ಬರೀ ರೇಟು ಕೇಳಲು ಹೋಗಿದ್ದಳು. ಓಂಕಾರೇಶ್ ಮೂವತ್ತೈದು ದಾಟಿದವನು, ತಲೆ ತಗ್ಗಿಸಿಯೇ ಮಾತಾಡುವವನು. ಇವಳು ಹೆಸರು ಹೇಳುವ ಮೊದಲೇ ಎದ್ದು ನಿಂತು ಸ್ಟೂಲು ಒರೆಸಿದ, ಬಾದಾಮಿ ಹಾಲು ತರಿಸಿದ.

"ಹಳೇದಕ್ಕೆ ನಾಲ್ಕು ಸಾವಿರ ಹಿಡ್ಕೊಳ್ತೀನಮ್ಮ."

"ಗಾಜು ಒಡೆದಿದೆ ನೋಡಪ್ಪ. ಬ್ಯಾಟರಿ ಬೇರೆ ಹೊಟ್ಟೆ ಊದಿದೆ."

"ಇರ್ಲಿ ಬಿಡಿ. ಒಂದಿನ ನನ್ ಹತ್ರ ಬಿಟ್ಟು ಹೋಗಿ. ಫೋಟೋ, ನಂಬರು ಎಲ್ಲಾ ನಾನೇ ಹೊಸದಕ್ಕೆ ಹಾಕಿಕೊಡ್ತೀನಿ. ನಿಮಗ್ಯಾಕೆ ತೊಂದ್ರೆ."

ಹಾಲು ಅರ್ಧಕ್ಕೇ ನಿಂತಿತು. ಟ್ಯಾಬನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದು, "ಯಜಮಾನ್ರನ್ನ ಕೇಳಿ ಬತ್ತೀನಿ," ಎಂದು ಎದ್ದಳು. ಯಜಮಾನರನ್ನು ಕೇಳಿ ಅವಳು ಯಾವತ್ತೂ ಯಾವ ಕೆಲಸವನ್ನೂ ಮಾಡಿದವಳಲ್ಲ.

ಹೊರಗೆ ಬಂದವಳು ನೇರ ಊರಿಗೆ ಹೋಗಲಿಲ್ಲ. ಪಕ್ಕದಲ್ಲಿ ರೇವಣಪ್ಪನ ಬೇಕರಿ. ಕಾಲು ಕೆಜಿ ಖಾರ ಕಟ್ಟಿಸುತ್ತ ಕೇಳಿದಳು.

"ಈ ಮೊಬೈಲ್ ಅಂಗಡಿ ಓಂಕಾರೇಶ ಹೆಂಗಪ್ಪ? ವ್ಯವಹಾರದಲ್ಲಿ ನೆಟ್ಟಗಿದ್ದಾನಾ?"

ರೇವಣಪ್ಪ ತಕ್ಕಡಿ ಕೆಳಗಿಟ್ಟ. "ಬಂಗಾರದಂಥ ಹುಡುಗ ಕಣ್ರಮ್ಮ. ಬೀಡಿ ಇಲ್ಲ, ಸಿಗರೇಟಿಲ್ಲ. ಒಂಬತ್ತು ಗಂಟೆಗೆ ಬಾಗಿಲು ಹಾಕಿದ್ರೆ ಸೀದಾ ಮನೆ."

ನಾನು ವ್ಯವಹಾರ ಕೇಳಿದರೆ ಇವನು ಬೀಡಿ ಸಿಗರೇಟಿನ ಮಾತಾಡುತ್ತಾನಲ್ಲ ಎಂದುಕೊಂಡಳು. ಎದುರಿನ ಬಳೆ ಅಂಗಡಿಯವಳನ್ನು ಕೇಳಿದಳು. ಅವಳೂ ಅದೇ ರಾಗ: ಜಗಳ ಅನ್ನೋದೇ ಗೊತ್ತಿಲ್ಲ, ಸ್ವಂತ ಮನೆ, ಬಾವಿ ನೀರು ಸಿಹಿ. ಹೂವಿನವನು ಇನ್ನೂ ಒಂದು ಕೈ ಮುಂದೆ ಹೋಗಿ, ಇಂಥವನು ಕಡೂರಿನಲ್ಲೇ ಇಲ್ಲ ಎಂದ.

ವಾಪಸು ಬರುವಾಗ ರೈಲಿನಲ್ಲಿ ಕೂತು ಯೋಚಿಸಿದಳು. ತನ್ನ ಕಸುಬಿನಲ್ಲಿ ಕಂಡದ್ದೇನೆಂದರೆ, ಬಾಳುವ ಮನುಷ್ಯನ ಬಗ್ಗೆ ಕೇಳಿದರೆ ಹತ್ತು ಜನರಲ್ಲಿ ಇಬ್ಬರಾದರೂ ಸಣ್ಣ ದೂರು ಹೇಳುತ್ತಾರೆ. ಹತ್ತಕ್ಕೆ ಹತ್ತೂ ಜನ ಹೊಗಳಿದರೆ ಅಲ್ಲಿ ಏನೋ ಮುಚ್ಚಿದ್ದಾರೆಂದೇ ಲೆಕ್ಕ. ಟ್ಯಾಬಿನ ಚಿಂತೆಯಲ್ಲಿ ಅವಳು ಮರೆತದ್ದು ಒಂದೇ: ಕಡೂರಿನ ಬೀದಿಯಲ್ಲಿ ಸಾವಿತ್ರಮ್ಮ ನಿಂತು ಒಬ್ಬ ಮದುವೆಯಾಗದ ಗಂಡಸಿನ ಬಗ್ಗೆ ವಿಚಾರಿಸಿದರೆ, ಟ್ಯಾಬಿಗಾಗಿ ವಿಚಾರಿಸುತ್ತಿದ್ದಾಳೆಂದು ಯಾರೂ ತಿಳಿಯುವುದಿಲ್ಲ. ಕೂಡುವ ಸಂಬಂಧಕ್ಕೆ ಕಲ್ಲು ಹಾಕಿದ ಪಾಪ ತಮಗೆ ಬೇಡವೆಂದು ಎಲ್ಲರೂ ಬಾಯಿ ತುಂಬ ಹೊಗಳಿದ್ದರು.

ಮುಂದಿನ ವಾರ ತರೀಕೆರೆಯಲ್ಲಿ ಒಂದು ನಾಮಕರಣವಿತ್ತು. ಊಟ ಮುಗಿಸಿ ಅಲ್ಲಿನ ಅಂಗಡಿಯಲ್ಲೂ ಟ್ಯಾಬ್ ತೋರಿಸಿದಳು. ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ, "ಸಾವಿರದ ಮೇಲೆ ಒಂದು ರೂಪಾಯಿ ಇಲ್ಲಮ್ಮ. ನಾಲ್ಕು ಸಾವಿರ ಅಂದೋನು ಒಂದೋ ಹುಚ್ಚ, ಇಲ್ಲಾ ಕಳ್ಳ," ಎಂದ.

ಹುಚ್ಚನಂತೆ ಅವನು ಕಂಡಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಲಿಂಗದಹಳ್ಳಿಯ ಮಲ್ಲಿಕಾರ್ಜುನಯ್ಯ ಸಿಕ್ಕಿದ. ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಅವನ ಮಗಳು ಸ್ಫೂರ್ತಿಯ ಫೋಟೋ ಸಾವಿತ್ರಮ್ಮನ ಹತ್ತಿರ ಬಂದು ವರ್ಷವಾಗಿತ್ತು.

"ಏನಕ್ಕ, ನಮ್ಮ ಹುಡುಗಿಗೆ ಏನಾದ್ರೂ ಬಂತಾ?" ಎಂದು ಅವನೇ ಮಾತಾಡಿಸಿದ.

"ಬರುತ್ತೆ ಇರಪ್ಪ, ಅವಸರ ಮಾಡಬೇಡ. ನಿನ್ನ ಹತ್ರ ಒಂದು ಮಾತು ಹೇಳ್ಬೇಕು. ನಿನ್ನ ಮಗಳ ಫೋಟೋನೂ ಇದರಲ್ಲೇ ಇದೆಯಲ್ಲ, ಅದಕ್ಕೆ." ಬ್ಯಾಗನ್ನು ತಟ್ಟಿದಳು. "ಈ ಒಡಕಲಿಗೆ ಒಬ್ಬ ನಾಲ್ಕು ಸಾವಿರ ಕೊಡ್ತೀನಿ ಅಂತಾನೆ. ಒಂದಿನ ಬಿಟ್ಟು ಹೋಗಿ ಅಂತಾನೆ. ನನಗೆ ಅವನ ಕಣ್ಣು ಹೆಣ್ಣುಮಕ್ಕಳ ಫೋಟೋ ಮೇಲೇ ಇರೋ ಹಂಗೆ ಕಾಣುತ್ತೆ. ಅವನ್ನ ಇಟ್ಕೊಂಡು ಏನು ಮಾಡ್ತಾನೋ ಯಾರಿಗೆ ಗೊತ್ತು."

"ಯಾವ ಊರೋನಕ್ಕ?"

"ಕಡೂರು. ಬಸ್ ಸ್ಟ್ಯಾಂಡ್ ಹತ್ರ, ಓಂಕಾರೇಶ ಅಂತ."

ಮಲ್ಲಿಕಾರ್ಜುನಯ್ಯ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದ.

"ಯಾಕೆ, ಗೊತ್ತಾ ನಿನಗೆ?"

"ಇಲ್ಲಿಲ್ಲ. ಹಂಗೇ ಕೇಳ್ದೆ." ಸಿಪ್ಪೆ ಕೊಡವಿಕೊಂಡು, "ನೀವು ಹೇಳಿದ್ದು ಒಳ್ಳೇದಾಯ್ತು," ಎಂದ. ಅಷ್ಟರಲ್ಲಿ ಅವನ ಬಸ್ಸು ಬಂತು.

ಒಬ್ಬ ತಂದೆಯನ್ನು ಎಚ್ಚರಿಸಿದೆ ಎಂಬ ಸಮಾಧಾನದಲ್ಲಿ ಸಾವಿತ್ರಮ್ಮ ಊರಿಗೆ ಬಂದಳು. ಹೊಸ ಟ್ಯಾಬಿನ ಮಾತನ್ನು ಅಲ್ಲಿಗೇ ಬಿಟ್ಟು, ಒಡೆದ ಗಾಜಿನ ಮೇಲೆ ಟೇಪು ಅಂಟಿಸಿಕೊಂಡಳು.

ಅದಾದ ಕೆಲವು ದಿನಕ್ಕೆ ಗಿರಣಿಗೆ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಡಬ್ಬವಿರಲಿಲ್ಲ. "ನಾನು ಕಮಲಾಕ್ಷಮ್ಮ, ಹಿರೇನಲ್ಲೂರಿನವಳು. ಕಡೂರಿನ ಓಂಕಾರೇಶ ನನ್ನ ತಮ್ಮ," ಎಂದಳು.

ಸಾವಿತ್ರಮ್ಮ ಸೆರಗು ಸರಿ ಮಾಡಿಕೊಂಡು ಗಟ್ಟಿಯಾಗಿ ಕೂತಳು. "ಟ್ಯಾಬು ನಾನು ಕೊಡಲ್ಲ ಕಣಮ್ಮ."

"ಅಯ್ಯೋ, ಟ್ಯಾಬು ಯಾರಿಗೆ ಬೇಕಮ್ಮ! ನಮ್ಮ ಹುಡುಗನಿಗೆ ಒಂದು ಹೆಣ್ಣು ತೋರ್ಸಿ ಅಂತ ಬಂದೆ. ಅಪ್ಪ ಅಮ್ಮ ಇಲ್ಲ, ನಾನೇ ಓಡಾಡ್ತಿದ್ದೀನಿ. ಲಿಂಗದಹಳ್ಳಿ ಗೊಬ್ಬರದ ಅಂಗಡಿಯೋರ ಮನೇದು ಕೂಡ್ಕೊಂಡು ಬಂದಿತ್ತು. ಹುಡುಗಿಗೂ ಒಪ್ಪಿಗೆ. ಸೋಮವಾರ ಬಂದು ಮನೆ ನೋಡ್ತೀವಿ ಅಂದಿದ್ರು. ಇದ್ದಕ್ಕಿದ್ದಂಗೆ ಬೇಡ ಅಂದ್ಬಿಟ್ರು. ಯಾವಳೋ ಕಿವಿ ಊದವ್ಳೆ."

ಪಂಚಾಕ್ಷರಪ್ಪ ಮೋಟರಿನ ಸ್ವಿಚ್ಚು ಆರಿಸಿದ. ಗಿರಣಿಯ ಸದ್ದು ನಿಂತಿತು.

"ನನಗೆ ಯಾಕಮ್ಮ ಹೇಳ್ಲಿಲ್ಲ?" ಎಂದಳು ಸಾವಿತ್ರಮ್ಮ. "ಆ ಹುಡುಗಿ ಫೋಟೋ ನನ್ ಹತ್ರಾನೇ ಇತ್ತಲ್ಲ."

"ಹೇಳ್ಬೇಕಿತ್ತು. ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಗೊತ್ತಾದ್ರೆ ನಿಮ್ಮ ಸೀರೆ, ದುಡ್ಡು ಎರಡು ಕಡೆಯೋರೂ ಕೊಡ್ಬೇಕಲ್ಲ, ಅದಕ್ಕೆ ಮುಚ್ಚಿಟ್ವಿ. ಅವರೂ ಸುಮ್ನಿರಿ ಅಂದ್ರು. ಆದ್ರೂ ಹುಡುಗ ಹೆಂಗೆ ಅಂತ ಯಾವತ್ತಾದ್ರೂ ನಿಮ್ಮನ್ನ ಒಂದು ಮಾತು ಕೇಳೇ ಕೇಳ್ತಾರೆ ಅಂತ ನನಗೆ ಗೊತ್ತಿತ್ತು. ನೀವು ಹೊಸ ಟ್ಯಾಬು ನೋಡ್ತಿದ್ದೀರಿ ಅಂತ ಗೊತ್ತಾಯ್ತು. ಅಂಗಡಿಗೆ ಬಂದ್ರೆ ಎರಡು ಮೂರು ಸಾವಿರ ಹೋದ್ರೆ ಹೋಗ್ಲಿ, ಚೆನ್ನಾಗಿ ನೋಡ್ಕೊಳೋ, ಅವರ ಬಾಯಲ್ಲಿ ಒಳ್ಳೇ ಮಾತು ಬರ್ಲಿ ಅಂತ ನಾನೇ ಅವನಿಗೆ ಹೇಳಿದ್ದೆ."

ಸಾವಿತ್ರಮ್ಮ, "ಊದಿದೋಳು ನಾನೇ ಕಣಮ್ಮ," ಎಂದು ಇದ್ದದ್ದು ಇದ್ದಂತೆ ಹೇಳಿದಳು.

ಕಮಲಾಕ್ಷಮ್ಮ ಕೂಗಾಡಿದಳು. ಕೂಗಾಡಿ ಅತ್ತಳು. ಪಂಚಾಕ್ಷರಪ್ಪ ಕೊಟ್ಟ ನೀರನ್ನು ಮುಟ್ಟದೆ ಎದ್ದು ಹೋದಳು.

ಮಾರನೆಯ ದಿನವೇ ಸಾವಿತ್ರಮ್ಮ ಲಿಂಗದಹಳ್ಳಿಗೆ ಹೋದಳು. ಮಲ್ಲಿಕಾರ್ಜುನಯ್ಯ ಗೊಬ್ಬರದ ಚೀಲಗಳ ನಡುವೆ ಕುರ್ಚಿ ಹಾಕಿಕೊಟ್ಟು ಎಲ್ಲವನ್ನೂ ಕೇಳಿದ.

"ತಡ ಆಯ್ತಕ್ಕ. ಬೀರೂರಿನೋರಿಗೆ ಮಾತು ಕೊಟ್ವಿ. ಮೊನ್ನೆ ಎಲೆ ಅಡಿಕೆ ಬದಲಾಯಿಸ್ಕೊಂಡೂ ಆಯ್ತು."

"ಅವತ್ತು ಬಸ್ ಸ್ಟ್ಯಾಂಡಲ್ಲಿ, ಇಂಥ ಮಾತು ನಡೀತಿದೆ ಅಂತ ಬಾಯಿ ಬಿಟ್ಟಿದ್ರೆ ನಾನು ಇನ್ನೊಂದು ಸಲ ಯೋಚನೆ ಮಾಡ್ತಿರಲಿಲ್ವೇನೋ?"

"ಬಾಯಿ ಬಿಟ್ಟಿದ್ರೆ ನಿಮಗೆ ಕೊಡ್ಬೇಕಾಗ್ತಿತ್ತು," ಎಂದ ಅವನು, ನಾಚಿಕೆಯಿಂದ. "ನೀವೂ ಅಷ್ಟು ಖಡಾಖಂಡಿತವಾಗಿ ಹೇಳ್ದಾಗ ನಾನು ಹೆಣ್ಣು ಹೆತ್ತೋನು ಏನು ಮಾಡ್ಲಿ?"

ಹೊರಡುವಾಗ ಬಾಗಿಲ ಹತ್ತಿರ ಸ್ಫೂರ್ತಿ ನಿಂತಿದ್ದಳು. "ಆಂಟಿ, ನಾನು ಒಂದ್ಸಲ ಕಡೂರಲ್ಲಿ ಅವರ ಅಂಗಡೀಲಿ ಫೋನಿನ ಗಾಜು ಹಾಕ್ಸಿದ್ದೆ. ಸರಿಯಾಗಿದೆಯಾ ಅಂತ ನೋಡಕ್ಕೆ ಲಾಕು ತೆಗೆದುಕೊಟ್ಟರೆ, ಅವರು ಫೋನನ್ನ ನನ್ನ ಕಡೆಗೇ ತಿರುಗಿಸಿ, ನೀವೇ ನೋಡಿ ಅಂದ್ರು. ಇದನ್ನ ಅಪ್ಪಂಗೆ ಹೇಳ್ದೆ. ಅಪ್ಪ ನಿಮ್ಮ ಮಾತನ್ನೇ ನಂಬಿದ್ರು." ಇಷ್ಟು ಹೇಳಿ ಅವಳು ಒಳಗೆ ಹೋದಳು.

ಅಲ್ಲಿಂದ ಸಾವಿತ್ರಮ್ಮ ಕಡೂರಿಗೇ ಹೋದಳು. ಓಂಕಾರೇಶನಿಗೆ ಅಕ್ಕ ಆಗಲೇ ಫೋನು ಮಾಡಿದ್ದಳು. ಅವನು ಎದ್ದು ನಿಲ್ಲಲಿಲ್ಲ, ಸ್ಟೂಲನ್ನು ಮಾತ್ರ ಮುಂದಕ್ಕೆ ತಳ್ಳಿದ.

"ಬೈದುಬಿಡಪ್ಪ. ಬೈಸ್ಕೊಳ್ಳೋಕೇ ಬಂದಿದ್ದೀನಿ."

"ಬೈದ್ರೆ ಏನು ಬಂತಮ್ಮ?" ಅವನು ಯಾರದೋ ಫೋನಿನ ಸ್ಕ್ರೂ ಬಿಚ್ಚುತ್ತಿದ್ದ. "ನಾಲ್ಕು ಸಾವಿರ ಜಾಸ್ತಿ ಆಯ್ತು ಅಂತ ನನಗೂ ಅನ್ನಿಸ್ತು. ಎರಡು ಅಂದಿದ್ರೆ ನೀವು ನಂಬ್ತಿದ್ರೇನೋ."

"ಒಂದು ಮಾತು ನೇರ ಹೇಳ್ಬಹುದಿತ್ತು ನೀನು."

"ನೀವು ಬೇಕರಿ ರೇವಣಪ್ಪನ್ನ ಕೇಳೋ ಬದ್ಲು ನನ್ನನ್ನೇ ಕೇಳ್ಬಹುದಿತ್ತು."

ಅವಳು ಬ್ಯಾಗಿನಿಂದ ಟ್ಯಾಬ್ ತೆಗೆದು ಗಾಜಿನ ಮೇಜಿನ ಮೇಲಿಟ್ಟು, "ಹೊಸದು ಕೊಡು. ಫೋಟೋ ಎಲ್ಲಾ ನೀನೇ ಹಾಕು. ಬೇಕಾದ್ರೆ ಒಂದಿನ ಇಟ್ಕೋ," ಎಂದಳು.

"ಬೇಡಿ. ನಿಮ್ಮ ಕಣ್ಣೆದುರಿಗೇ ಹಾಕ್ತೀನಿ."

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಪರದೆಗಳನ್ನು ಅವಳ ಕಡೆಗೆ ತಿರುಗಿಸಿದ. ತಾನು ತಲೆಕೆಳಗಾಗಿ ಓದಿಕೊಂಡು, ಎಲ್ಲೆಲ್ಲಿ ಒತ್ತಬೇಕೆಂದು ಅವಳಿಗೇ ಹೇಳಿದ. ಹಳೆಯದರಲ್ಲಿದ್ದುದನ್ನೆಲ್ಲ ಅಳಿಸಿದ್ದೂ ಅವಳ ಬೆರಳೇ.

"ಹಳೇದಕ್ಕೆ ಎಷ್ಟಪ್ಪ?"

"ಸಾವಿರ."

ಅವಳು ಚೌಕಾಸಿ ಮಾಡಲಿಲ್ಲ. ಉಳಿದದ್ದನ್ನು ಎಣಿಸಿಕೊಟ್ಟು, "ನಿನ್ನದೊಂದು ಫೋಟೋ ಕೊಡು. ನನಗೆ ಸೀರೆ ಬೇಡ, ದುಡ್ಡೂ ಬೇಡ," ಎಂದಳು. ಅವನು ತನ್ನ ಫೋನಿನಲ್ಲಿ ಒಂದನ್ನು ಹುಡುಕಿ ಕಳಿಸಿದ.

ಹೊಸ ಟ್ಯಾಬ್ ಚೆನ್ನಾಗಿದೆ. ಫೋಟೋಗಳು ಬೇಗ ತೆರೆಯುತ್ತವೆ, ಬ್ಯಾಟರಿ ಇಡೀ ದಿನ ಬರುತ್ತದೆ. ಹೆಣ್ಣಿನ ಕಡೆಯವರು ಯಾರು ಬಂದರೂ ಸಾವಿತ್ರಮ್ಮ ಮೊದಲು ಓಂಕಾರೇಶನ ಫೋಟೋ ತೋರಿಸುತ್ತಾಳೆ. ಅವರು ಜಮೀನೆಷ್ಟು ಎನ್ನುತ್ತಾರೆ, ಸರ್ಕಾರಿ ಕೆಲಸವೇ ಎನ್ನುತ್ತಾರೆ, ಮುಂದಿನ ಫೋಟೋ ಕೇಳುತ್ತಾರೆ. ಸ್ಫೂರ್ತಿಯ ಮದುವೆ ಬೀರೂರಿನವನ ಜೊತೆ ಆಯಿತು. ಓಂಕಾರೇಶನನ್ನು ತಾನಾಗಿ ಒಪ್ಪಿದ್ದವಳು ಅವಳೊಬ್ಬಳೇ, ಅವಳು ಅವನಿಗೆ ಸಿಗಲಿಲ್ಲ.