ಬಕೆಟಿನ ಮೇಲೆ ಸ್ಲೀಪಿಂಗ್ ಬ್ಯಾಗ್

1

ಎಲ್ಲಿಂದ ಶುರು ಮಾಡುವುದು? ಊರು ಮಂಗಳೂರು, ತಿಂಗಳು ಜುಲೈ. ಹಾಗಾಗಿ "ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು" ಎಂದು ಬರೆದೆ. ಬರೆದು ಹೊಡೆದುಹಾಕಿದೆ. ಜುಲೈಯಲ್ಲಿ ಇಲ್ಲಿ ಮಳೆಯಲ್ಲದೆ ಮತ್ತೇನು ಸುರಿಯಬೇಕು, ಓದುಗ ಮಹಾಶಯರೇ? ಇಂಥ ಮೊದಲ ಸಾಲುಗಳನ್ನು ಓದಿ ಓದಿ ನಿಮಗೆ ಆಗಲೇ ಶೀತವಾಗಿದೆ.

1 (ಪುನಃ)

ಮುನೀರಾ ಅವರಿಗೆ ಐವತ್ತಮೂರು ವರ್ಷ. ಗಂಡ ರವೂಫ್ ಅವರದು ಮಣ್ಣಗುಡ್ಡದಲ್ಲಿ ಕೊಡೆ, ರೈನ್‌ಕೋಟುಗಳ ಅಂಗಡಿ. ಮಧ್ಯಾಹ್ನ ಅವರು ನಮಾಝಿಗೆ, ಊಟಕ್ಕೆ ಹೋದಾಗ ಮುನೀರಾ ಅಂಗಡಿಯಲ್ಲಿ ಕೂರುತ್ತಾರೆ. ಇಪ್ಪತ್ತೆಂಟು ವರ್ಷ ಊರಿನವರು ಒದ್ದೆಯಾಗದಂತೆ ನೋಡಿಕೊಂಡ ಈ ಹೆಂಗಸಿಗೆ ಒಂದೇ ಒಂದು ಆಸೆ. ಟೆಂಟಿನೊಳಗೆ, ಬಟ್ಟೆಯ ಮೇಲೆ ಹನಿ ಬೀಳುವ ಸದ್ದು ಕೇಳುತ್ತಾ ಒಂದು ರಾತ್ರಿ ಮಲಗಬೇಕು.

ಕಾವೂರು ಕೆರೆಯ ಸುತ್ತ ವಾಕಿಂಗ್ ಮಾಡುವಾಗ ಇದನ್ನು ಹೇಳಿದ್ದೇ ತಡ, ಜೊತೆಗಿದ್ದ ನರ್ಸ್ ಮೆಲಿಸಾ ದಾರಿಯಲ್ಲೇ ನಿಂತುಬಿಟ್ಟರು. "ನೀನು ಮೊದಲೇ ಹೇಳುದಲ್ವಾ ಮಾರಾಯ್ತಿ! ಘಟ್ಟದ ಮೇಲೆ ಸಂಸೆ ಹತ್ತಿರ ಟೆಂಟ್ ಹಾಕಿ ಕೊಡುವವರು ಉಂಟು. ನಾವು ಹೆಂಗಸರೇ ವ್ಯಾನ್ ಮಾಡಿ ಹೋಗುವುದು. ಸ್ಲೀಪಿಂಗ್ ಬ್ಯಾಗ್ ಒಂದು ನೀನೇ ತರ್ಬೇಕು."

ಇದು ಮೂರು ವರ್ಷದ ಹಿಂದಿನ ಮಾತು. ಮುನೀರಾ ಇನ್ನೂ ಹೋಗಿಲ್ಲ.

2

ಗಂಡ ತಡೆದರೇ? ಛೆ ಛೆ, ಎಲ್ಲಾದರೂ ಉಂಟೇ! ರವೂಫ್ ಅವರದು ದೊಡ್ಡ ಮನಸ್ಸು. "ಹೋಗು, ಖುಷಿಯಲ್ಲಿ ಹೋಗು. ಬ್ಯಾಗಿನ ವಿಷಯ ಮಾತ್ರ ನನಗೆ ಬಿಡು. ನೀರು ತಡೆಯುವ ಸಾಮಾನು ನೋಡುವುದು ನನ್ನ ಕೆಲಸ ಅಲ್ವಾ?" ಎಂದರು.

(ಮನೆಯಲ್ಲಿ ಅವರು ಆಡುವುದು ಬ್ಯಾರಿ ಭಾಷೆ. ಅದು ನನಗೆ ಬಾರದು. ಆದ್ದರಿಂದ ಇಬ್ಬರೂ ನನ್ನ ಉಪಕಾರಕ್ಕಾಗಿ ಕನ್ನಡದಲ್ಲಿ ಮಾತಾಡುತ್ತಿದ್ದಾರೆ.)

ಮೊದಲ ವರ್ಷ ಸಿಂಥೆಟಿಕ್ ಬ್ಯಾಗ್ ಬಂತು. ಒದ್ದೆಯಾದರೂ ಬೆಚ್ಚಗಿಡುತ್ತದೆ, ಆದರೆ ಅಕ್ಕಿ ಗೋಣಿಯಷ್ಟು ದಪ್ಪ. "ನಿನ್ನ ಸೊಂಟದ ಗತಿ ಎಂತ?" ಎಂದು ರವೂಫ್ ವಾಪಸು ಕಳಿಸಿದರು. ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ಮಳೆ ಮುಗಿಯಿತು. ಎರಡನೆಯ ವರ್ಷ ಡೌನ್ ಬ್ಯಾಗ್, ಅಂದರೆ ಬಾತುಕೋಳಿಯ ಎದೆಯ ನಯವಾದ ಪುಕ್ಕ ತುಂಬಿದ್ದು. ಹಗುರ, ಬೆಚ್ಚಗೆ, ಮಡಚಿದರೆ ಎಳೆ ಹಲಸಿನ ಗುಜ್ಜೆಯಷ್ಟೇ. ಆದರೆ ನೀರು ತಾಗಿದರೆ ಪುಕ್ಕವೆಲ್ಲ ಮುದ್ದೆ. ಅದೂ ವಾಪಸು. ಈ ವರ್ಷ ಬಂದದ್ದು ನೀರು ಹೀರದಂತೆ ಮದ್ದು ಹಾಕಿದ ಡೌನ್. ಮೇಲಿನ ಬಟ್ಟೆಯ ಮೇಲೆ ಹನಿ ಹಾಕಿದರೆ ಕೆಸುವಿನ ಎಲೆಯ ಮೇಲೆ ಜಾರಿದ ಹಾಗೆ ಜಾರುತ್ತದೆ.

(ಇಲ್ಲಿ ಒಂದು ಸಾಲು ಬರೆದಿದ್ದೆ: "ಆ ಬಾತುಕೋಳಿ ಹಲಾಲಾ?" ಎಂದು ರವೂಫ್ ಕೇಳಿದರು. ಮುನೀರಾ ನನ್ನ ಭುಜದ ಮೇಲಿಂದ ಬಗ್ಗಿ ಓದಿದರು.

"ಅವರು ಹಾಗೆ ಕೇಳ್ಲೇ ಇಲ್ಲ."

"ಗೊತ್ತು. ಒಂದು ತಮಾಷೆಗೆ…"

"ಬ್ಯಾರಿಗಳ ಕಥೆ ಅಂತ ಹಾಕಿದ್ದಾ? ತೆಗೀರಿ."

ತೆಗೆದೆ.)

3

ರವೂಫ್ ಅವರ ಅಂಗಡಿಯಲ್ಲಿ ಒಂದು ಪರೀಕ್ಷೆ ಉಂಟು. ರೈನ್‌ಕೋಟಿನ ಹೊಸ ಮಾಲು ಬಂದರೆ ಅದರ ಬಟ್ಟೆಯನ್ನು ಬಕೆಟಿನ ಬಾಯಿಗೆ ಜೋಲುವಂತೆ ಕಟ್ಟಿ, ಎರಡು ಚೊಂಬು ನೀರು ಹೊಯ್ದು ಊಟಕ್ಕೆ ಹೋಗುವುದು. ಬಂದು ನೋಡುವಾಗ ಬಕೆಟಿನ ತಳ ಒಣಗಿದ್ದರೆ ಮಾಲು ಪಾಸು.

ರೈನ್‌ಕೋಟಿಗೆ ಇದು ನ್ಯಾಯ. ಆದರೆ ಸ್ಲೀಪಿಂಗ್ ಬ್ಯಾಗ್ ಟೆಂಟಿನೊಳಗೆ ಇರುವಂಥದ್ದು. ಮಂಜು, ಟೆಂಟಿನಿಂದ ತೊಟ್ಟಿಕ್ಕುವ ಹನಿ, ಅಷ್ಟನ್ನು ತಡೆದರೆ ಅದರ ಕರ್ತವ್ಯ ಮುಗಿಯಿತು. ಗಾಳಿಯೇ ಆಡದಂಥ ಬಟ್ಟೆ ಹಾಕಿದರೆ ಮಲಗಿದವರ ಬೆವರಿಗೇ ಪುಕ್ಕ ನೆನೆದೀತು. ಹೊಲಿಗೆ, ಜಿಪ್ಪು ಹೇಗೂ ಸೋರುತ್ತವೆ. ಲೋಕದ ಯಾವ ಸ್ಲೀಪಿಂಗ್ ಬ್ಯಾಗೂ ಈ ಬಕೆಟ್ ದಾಟುವುದಿಲ್ಲ.

ಶನಿವಾರ ಸಂಸೆಗೆ ವ್ಯಾನ್. ಗುರುವಾರ ಮಧ್ಯಾಹ್ನ ಮೂರನೆಯ ಬ್ಯಾಗ್ ಬಕೆಟಿನ ಮೇಲಿತ್ತು. ಊಟ ಮುಗಿಸಿ ಬಂದ ರವೂಫ್ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. "ಎಂತ ಮಾಡುವುದು? ಇದೂ ಆಗ್ಲಿಕ್ಕಿಲ್ಲ. ಬೇರೆ ತರಿಸುವ. ಬರ್ತದೆ."

ಬರ್ತದೆ. ಆ ಮಾತು ಮುನೀರಾ ಅವರ ಕಿವಿಗೆ ಬಡಿಯಿತು. ಅಂಗಡಿಯಲ್ಲಿ ಇರದ ಸಾಮಾನನ್ನು ಯಾರಾದರೂ ಕೇಳಿದರೆ ಇಲ್ಲ ಎನ್ನುವ ಕ್ರಮವಿಲ್ಲ. "ಬರ್ತದೆ, ನಾಡಿದ್ದು ಬನ್ನಿ" ಎನ್ನಬೇಕು. ಜನ ಎರಡು ಸಲ ಬರುತ್ತಾರೆ, ಮೂರು ಸಲ ಬರುತ್ತಾರೆ, ಆಮೇಲೆ ಬೇಸತ್ತು ತಾವೇ ನಿಲ್ಲಿಸುತ್ತಾರೆ. ಮುನೀರಾ ಸ್ವತಃ ನಗುನಗುತ್ತಾ ಎಷ್ಟು ಜನರಿಗೆ ಹೇಳಿದ್ದರೋ. ಮೂರು ವರ್ಷದಿಂದ ತಾನು ಹೆಂಡತಿಯಲ್ಲ, ಗಿರಾಕಿ ಎಂದು ಅವರಿಗೆ ಆಗ ತಿಳಿಯಿತು.

ಅವರು ಬ್ಯಾಗನ್ನು ಬಿಚ್ಚಿ ತೆಗೆದರು. ಗಾಜಿನ ಕಪಾಟಿನಿಂದ ಅಂಗಡಿಯ ಅತ್ಯುತ್ತಮ ಕೊಡೆಯನ್ನು ತಂದು, ಬಿಡಿಸಿ, ಬಕೆಟಿನ ಮೇಲೆ ಅಂಗಾತ ಮಲಗಿಸಿ ಎರಡು ಚೊಂಬು ಹೊಯ್ದರು. ಸ್ವಲ್ಪ ಹೊತ್ತಿಗೆ ಹೊಲಿಗೆಯಿಂದ ಟಪ್ ಎಂದಿತು. ಮತ್ತೊಂದು ಟಪ್.

"ಇದೂ ಫೇಲ್. ನಾಳೆಯಿಂದ ಅಂಗಡಿ ಮುಚ್ಚುವಾ?"

ರವೂಫ್ ಕೊಡೆಯನ್ನೇ ನೋಡುತ್ತಾ ನಿಂತರು.

5

(4ನ್ನು ಹರಿದೆ. ಅದರಲ್ಲಿ ರವೂಫ್ ಅವರಿಗೆ ಒಂದು ದುಃಖದ ಬಾಲ್ಯ ಕೊಟ್ಟಿದ್ದೆ. ನೆರೆ, ಕೊಚ್ಚಿಹೋದ ತಮ್ಮ, ಇತ್ಯಾದಿ. ನಿಮಗೂ ಕರುಣೆ ಬರಲಿ ಅಂತ. ಅವರೇ ಒಪ್ಪಲಿಲ್ಲ: "ನನಗೆ ತಮ್ಮನೇ ಇಲ್ಲ ಮಾರಾಯ್ರೆ.")

ಈಗ ಅಂತ್ಯ ಆರಿಸಬೇಕು.

ಅ) ರವೂಫ್ ಪಶ್ಚಾತ್ತಾಪಪಟ್ಟು ತಾವೇ ಒಳ್ಳೆಯ ಬ್ಯಾಗ್ ತಂದು ವ್ಯಾನಿನವರೆಗೆ ಹೊರುತ್ತಾರೆ. ದೀಪಾವಳಿ ವಿಶೇಷಾಂಕಕ್ಕೆ ಆದೀತು.

ಆ) ಮುನೀರಾ ಹೋಗಿ, ನೆನೆದು, ನಡುಗಿ, "ನೀವು ಹೇಳಿದ್ದೇ ಸರಿ" ಎಂದು ವಾಪಸಾಗುತ್ತಾರೆ. ಗಂಡಸರು ನನಗೆ ಫೋನ್ ಮಾಡಿ ಅಭಿನಂದಿಸುತ್ತಾರೆ.

ಇ) ಬೆಟ್ಟದ ಮೇಲೆ ಸೂರ್ಯೋದಯ. ಮುನೀರಾ ತಮ್ಮನ್ನು ತಾವು ಕಂಡುಕೊಳ್ಳುತ್ತಾರೆ. ಪ್ರಶಸ್ತಿ ಖಂಡಿತ.

"ಇದರಲ್ಲಿ ಒಂದೂ ನನ್ನದಲ್ಲ," ಎಂದರು ಮುನೀರಾ.

"ನಾಲ್ಕನೆಯದು ಯೋಚಿಸ್ತಾ ಇದ್ದೇನೆ. ಸ್ವಲ್ಪ ತಾಳಿ, ಬರ್ತದೆ," ಎಂದೆ.

ಅವರು ನನ್ನನ್ನು ನೋಡಿದರು. "ನೀವು ಸಹಾ?"

ನಾಚಿಕೆಯಾಯಿತು. ಆದರೂ ಪೆನ್ ಬಿಡಲಿಲ್ಲ, ನಮ್ಮ ಬರೆಯುವವರ ಜಾತಿಯೇ ಅಂಥದ್ದು. ನಾನು ನಾಲ್ಕನೆಯದನ್ನು ತಿದ್ದುತ್ತಿರುವಾಗಲೇ ಅವರು ಬ್ಯಾಗನ್ನು ಮೆಲ್ಲಗೆ ಹಿಂಡಿ, ಫ್ಯಾನಿನ ಕೆಳಗೆ ಹರಡಿ, ಗಂಟುಕಟ್ಟಿದ ಪುಕ್ಕವನ್ನು ಬೆರಳಿನಿಂದ ಬಿಡಿಸತೊಡಗಿದ್ದರು. ಶನಿವಾರ ಬೆಳಿಗ್ಗೆ ಅದು ಪೂರ್ತಿ ಒಣಗಿತ್ತೋ ಇಲ್ಲವೋ, ಕಂಕುಳಲ್ಲಿ ಅವಚಿಕೊಂಡು ವ್ಯಾನ್ ಹತ್ತಿದರು. ನನಗೆ ಹೇಳಿಯೂ ಹೋಗಲಿಲ್ಲ.

6

ಸೋಮವಾರ ಮಧ್ಯಾಹ್ನ ಅಂಗಡಿಗೆ ಹೋದೆ. ಮುನೀರಾ ರೈನ್‌ಕೋಟ್ ಮಡಚುತ್ತಿದ್ದರು. ರವೂಫ್ ಊಟಕ್ಕೆ ಹೋಗದೆ ಎದುರಿಗೇ ಕೂತಿದ್ದರು.

"ಬ್ಯಾಗ್ ಒದ್ದೆಯಾಯ್ತಾ?" ಎಂದು ರವೂಫ್ ಕೇಳಿದರು.

ಮುನೀರಾ ಇನ್ನೊಂದು ರೈನ್‌ಕೋಟ್ ಎತ್ತಿಕೊಂಡರು.

"ಚಳಿಯಾಯ್ತಾ?" ಎಂದು ನಾನು ಕೇಳಿದೆ.

"ಮುಂದಿನ ತಿಂಗಳು ಪುನಃ ಉಂಟು," ಎಂದರು ಮುನೀರಾ, ಇಬ್ಬರಿಗೂ ಒಟ್ಟಿಗೆ. "ಎರಡು ರಾತ್ರಿ."

ರವೂಫ್ ನನ್ನತ್ತ ನೋಡಿದರು. ನನ್ನ ಬಳಿ ಅವರಿಗೆ ಕೊಡಲು ಒಂದು ಸಾಲೂ ಇರಲಿಲ್ಲ.

"ಬೇಡ," ಎಂದರು ಕೊನೆಗೆ. "ಹೋಗ್ಬೇಡ. ನೀನಿಲ್ಲದೆ ಮನೆಯೊಳಗೆ ನನಗೆ ಆಗುವುದಿಲ್ಲ."

ಮುನೀರಾ ರೈನ್‌ಕೋಟನ್ನು ಕೆಳಗಿಟ್ಟರು. ಎದ್ದು ಬಂದು ನನ್ನ ನೋಟ್‌ಬುಕ್ ಮುಚ್ಚಿದರು. "ನೀವು ಹೊರಡಿ. ಇದು ನಮ್ಮಿಬ್ಬರದ್ದು," ಎಂದು ನನ್ನನ್ನು ಮೆಟ್ಟಿಲು ದಾಟಿಸಿ ಶಟರ್ ಅರ್ಧ ಎಳೆದರು.

ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ. ಶಟರಿನ ಕೆಳಗಿನಿಂದ ಮುನೀರಾ ಅವರ ದನಿ ಕೇಳಿದ್ದು ಇಷ್ಟೇ:

"ಹಾಂ, ಈಗ ಸರಿಯಾಯ್ತು. 'ಬರ್ತದೆ' ಬಿಟ್ಟು 'ಬೇಡ' ಅಂದ್ರಲ್ಲ. ಕೂತ್ಕೊಳ್ಳಿ, ಜಗಳ ಮಾಡುವ."