ರಿಮೋಟಿಗೆ ಹೋದ ಬ್ಯಾಟರಿ

ರಾದಿವೋಯ್ ಸತ್ತು ಅಂದಿಗೆ ನಲವತ್ತನೆಯ ದಿನ. ಬಂದವರು ಅವನ ಗೋರಿಯ ಮೇಲೆ ಒಂದು ತೊಟ್ಟು ರಾಕಿಯಾ ಹೆಂಡ ಸುರಿದು, ಉಳಿದದ್ದನ್ನು ಧಾರಾಳವಾಗಿ ತಾವೇ ಕುಡಿಯುತ್ತಿದ್ದರು. ಹೆಂಡತಿ ಸ್ತಾಮೆಂಕಾ ಸತ್ತವರ ಹೆಸರಲ್ಲಿ ಬಂದವರಿಗೆಲ್ಲ ಒಂದೊಂದು ಚಮಚ ಕೊಡುವ, ಬೇಯಿಸಿದ ಸಿಹಿ ಗೋಧಿಯ ಬಟ್ಟಲು ಹಿಡಿದು ನಿಂತಿದ್ದಳು. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಮನಸ್ಸಿಗೇ ಜೋಮು ಹಿಡಿದಿತ್ತು.

ಮಗ ವೆಲ್ಕೊ ಕಿವಿಯ ಹತ್ತಿರ ಬಗ್ಗಿದ. "ಅಮ್ಮಾ, ನಾಳೆ ಕೋರ್ಟಲ್ಲಿ ಒಂದೇ ಮಾತು. ಅಪ್ಪನ ಸೈಕಲ್ ದೀಪ ಉರೀತಿತ್ತು ಅನ್ನು, ಸಾಕು. ವ್ಯಾನ್ ಗುದ್ದಿಸಿದ ಆ ಒಗ್ನೆನ್ ಜೈಲಿಗೆ ಹೋಗ್ತಾನೆ."

ದೀಪ ಉರಿಯುತ್ತಿರಲಿಲ್ಲ. ಧಾರಾವಾಹಿ ತಪ್ಪುತ್ತದೆಂದು ಅದರ ಬ್ಯಾಟರಿ ತೆಗೆದು ಟೀವಿ ರಿಮೋಟಿಗೆ ಹಾಕಿದವಳು ಸ್ತಾಮೆಂಕಾಳೇ. ಅಪಘಾತದಲ್ಲಿ ದೀಪ ಚೂರುಚೂರಾದದ್ದರಿಂದ ಆ ವಿಷಯ ಅವಳೊಬ್ಬಳಿಗೇ ಗೊತ್ತಿತ್ತು.

ಅಷ್ಟರಲ್ಲಿ ನೆರೆಮನೆಯ ತಿಮಾ, ಎರಡು ಗುಟುಕು ಹೆಚ್ಚೇ ಆಗಿ, ಅವಳ ತೋಳು ಹಿಡಿದ. "ಅತ್ತಿಗೇ, ಆವತ್ತು ಒಗ್ನೆನ್ ವ್ಯಾನಿನ ಎದುರಿಗೆ ಕಾರಲ್ಲಿ ಬಂದೋನು ನಾನೇ. ತಿರುವಿನಾಚೆ ಪೊಲೀಸ್ರು ನಿಂತಿದ್ರು. ಎಚ್ಚರಿಸೋಕೆ ಅಂತ ಅವನಿಗೆ ಲೈಟು ಮಿಟುಕಿಸಿದೆ. ಎಲ್ರೂ ಮಿಟುಕಿಸ್ತಾರಲ್ವಾ! ಅವನು ಬೆಲ್ಟ್ ಎಳ್ಕೊಳ್ಳೋಕೆ ಬಗ್ಗಿದ."

ಬನಾತ್ ಸೀಮೆಯ ಈ ಊರಲ್ಲಿ ಸೀಟ್ ಬೆಲ್ಟ್ ಹಾಕುವುದು ಪೊಲೀಸರಿಗಾಗಿ, ಜೀವಕ್ಕಾಗಿ ಅಲ್ಲ. ಎದುರು ಬರುವವನಿಗೆ ದಂಡ ತಪ್ಪಿಸುವುದಕ್ಕಿಂತ ದೊಡ್ಡ ಪುಣ್ಯವೂ ಇಲ್ಲಿ ಬೇರೆ ಇಲ್ಲ.

"ಒಳ್ಳೇದೇ ಮಾಡಿದೆ ಬಿಡಪ್ಪ," ಎಂದಳು ಸ್ತಾಮೆಂಕಾ. ಕುಟುಕಬೇಕೆಂದು ಅಂದದ್ದಲ್ಲ, ಏನಾದರೂ ಅನ್ನಬೇಕಿತ್ತು.

ಸ್ಮಶಾನದ ಗೇಟಿನಾಚೆ ಒಗ್ನೆನ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಪಕ್ಕದೂರಿನ ಬ್ರೆಡ್ ವ್ಯಾನ್ ಚಾಲಕ. ಒಳಗೆ ಬರಲು ಧೈರ್ಯವಿಲ್ಲ, ಹೊರಟುಹೋಗಲು ಮನಸ್ಸಿಲ್ಲ. ಸ್ತಾಮೆಂಕಾ ಬಟ್ಟಲು ಹಿಡಿದೇ ಅವನತ್ತ ನಡೆದಳು.

"ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ?" ವೆಲ್ಕೊ ಹಿಂದೆಯೇ ಓಡಿಬಂದ.

ಅವಳು ತಿರುಗಲಿಲ್ಲ. "ದೀಪದಲ್ಲಿ ಬ್ಯಾಟರಿ ಇರ್ಲಿಲ್ಲ ಕಣಪ್ಪಾ ಒಗ್ನೆನ್. ತೆಗೆದೋಳು ನಾನು. ನಾಳೆ ಅದನ್ನೇ ಹೇಳ್ತೀನಿ." ಹೀಗೆಂದರೆ ಅವನ ಭಾರ ಇಳಿದೀತು, ತನ್ನದೂ ಒಂದಿಷ್ಟು ಇಳಿದೀತು ಅಂದುಕೊಂಡಿದ್ದಳು.

ಒಗ್ನೆನ್ ತಲೆಯಲ್ಲಾಡಿಸಿದ. "ದೀಪ ಇಲ್ದಿದ್ರೂ ಅವರು ನಂಗೆ ಕಂಡಿದ್ರಮ್ಮಾ. ದೂರದಿಂದ್ಲೇ. ಮೊದ್ಲು ಬೆಲ್ಟ್ ಹಾಕ್ಕೊಳ್ಳೋಣ, ಹತ್ರ ಹೋದಾಗ ಪಕ್ಕಕ್ಕೆ ತಗೊಂಡ್ರಾಯ್ತು ಅಂದ್ಕೊಂಡೆ."

ಭಾರ ಇಳಿಯಲಿಲ್ಲ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. "ಹಾಗಾದ್ರೆ ನಿಂದು ನೀನು ಹೇಳು, ನಂದು ನಾನು ಹೇಳ್ತೀನಿ, ತಿಮಾ ಅವಂದು ಹೇಳ್ಲಿ," ಎಂದು ಬಟ್ಟಲಿನ ಚಮಚ ಅವನ ಕೈಗಿಟ್ಟಳು.

"ತಪ್ಪನ್ನ ಎಲ್ರೂ ಹಂಚ್ಕೊಂಡುಬಿಡಿ!" ವೆಲ್ಕೊ ಕಿರುಚಿದ. "ಇದ್ರಲ್ಲಿ ಅಪ್ಪ ಏನು ಮಾಡಿದ್ದ?"

"ಕತ್ತಲಾಗ್ತಿದೆ, ದೀಪ ಬೇರೆ ಇಲ್ಲ, ಬೆಳಿಗ್ಗೆ ಹೋಗಿ ಅಂದೆ. ನಿಮ್ಮಪ್ಪ ಕೇಳ್ಬೇಕಲ್ಲ! ಈ ರಸ್ತೇಲಿ ನನ್ನ ಗುರುತಿಲ್ದೋನು ಯಾವನಿದ್ದಾನೆ ಅಂತ ನಕ್ಕೊಂಡು ಹೋದ್ರು," ಎಂದಳು ಸ್ತಾಮೆಂಕಾ.

ವೆಲ್ಕೊ ಅಪ್ಪನ ಗೋರಿಯತ್ತ ತಿರುಗಿ ನೋಡಿದ. ಅಪ್ಪ ಹೇಗೆ ನಕ್ಕಿರಬಹುದೆಂದು ಅವನಿಗೂ ಗೊತ್ತಿತ್ತು.