ಎರಡು ಗಂಟೆಗೆ ಚೆಲ್ಲುವ ಲಸಿಕೆ

ಕಾರಟಗಿ ಕಡೆ ಭತ್ತದ ನಾಟಿ ಶುರುವಾಯಿತೆಂದರೆ ಹೆಂಗಸರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದ ಗುಂಪಿನಲ್ಲಿ ಒಬ್ಬಳು ಎದ್ದುಹೋದರೆ ಉಳಿದವರ ಸೊಂಟ ಬೀಳುತ್ತದೆ. ಆ ಗುರುವಾರ ಶಿವಲೀಲಾ ಬಗ್ಗಿ ಸಸಿ ಹಚ್ಚುತ್ತಿದ್ದರೂ ಜೀವವೆಲ್ಲ ಬದುವಿನ ಜೋಲಿಯಲ್ಲಿದ್ದ ಒಂಬತ್ತು ತಿಂಗಳ ಅನುಷಾಳ ಮೇಲಿತ್ತು. ವಲಸೆ ಬಂದವರ ಪಕ್ಕದ ಕ್ಯಾಂಪಿನಲ್ಲಿ ಎರಡು ಕೂಸುಗಳಿಗೆ ದಡಾರ ಎದ್ದಿತ್ತು. ಅನುಷಾಳಿಗೆ ಇನ್ನೂ ದಡಾರದ ಲಸಿಕೆ ಆಗಿರಲಿಲ್ಲ. ಅವತ್ತೇ ಊರ ಅಂಗನವಾಡಿಯಲ್ಲಿ ಲಸಿಕೆಯ ದಿನ. ಗುಂಪಿನ ಮುಂದಾಳು ಅತ್ತೆ ಮಾರೆವ್ವನೇ. ಹೋಗಿಬರುತ್ತೇನೆ ಎಂದು ಕೇಳುವ ಧೈರ್ಯ ಯಾರಿಗಿದೆ?

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಇಮಾಮಬಾನು ಏದುಸಿರು ಬಿಡುತ್ತ ಬದುವಿನ ಮೇಲೆ ಬಂದಳು.

“ಶಿವಲೀಲಾ, ಮಲ್ಲೇಶ್ವರಿ, ಕೂಸಿರೋರೆಲ್ಲ ಎತ್ತಿಕೊಂಡು ನಡೀರೆವಾ! ಒಂದು ಕೂಸು ಬಂತಂತ ಸಿಸ್ಟರ್ ಹತ್ತು ಗಂಟೆಕ್ಕ ಐದು ಕೂಸಿನ ಲಸಿಕಿ ಬಾಟ್ಲಿ ತೆಗದಾರ. ಎರಡು ಗಂಟೆ ಆದ್ರ ಉಳಿದದ್ದು ಚೆಲ್ಲಬೇಕು.”

“ಚೆಲ್ಲಲಿ ಬಿಡು,” ಮಾರೆವ್ವ ತಲೆ ಎತ್ತಲಿಲ್ಲ. “ಪುಗಸಟ್ಟೆ ಔಷಧ. ಯಾರಪ್ಪನ ಗಂಟು ಹೋಗತೈತಿ? ಮುಂದಿನ ಸಲ ಇನ್ನೊಂದು ತೆಗೀತಾರ.”

“ಪುಗಸಟ್ಟೆ ಹೆಂಗಾಕ್ಕೈತಿ ಯವ್ವಾ? ತಣ್ಣಗಿಡಾಕ ಫ್ರಿಜ್ಜು, ಕರೆಂಟು. ತರಾಕ ಗಾಡಿ. ಸಿಸ್ಟರ್ ಪಗಾರ. ನೀವು ಒಂದು ಸೋಪು ತಗೊಂಡ್ರೂ ತೆರಿಗಿ ಕಟ್ಟತೀರಿ, ಅದರಾಗ ಇದು ನಡೀತೈತಿ. ಚೆಲ್ಲಿದ್ರ ನಿಮ್ಮ ಗಂಟ ಹೋಗೋದು.”

ಮಾರೆವ್ವನ ಕೈ ನಿಲ್ಲಲಿಲ್ಲ. ಹೊತ್ತು ನೆತ್ತಿ ದಾಟಿತ್ತು. ಶಿವಲೀಲಾ ಜೋಲಿಯ ಕಡೆ ನೋಡಿದಳು. ಅತ್ತೆಯ ಬೈಗುಳಕ್ಕೆ ಹೆದರಿ ಕೂಸನ್ನು ಕಳೆದುಕೊಳ್ಳುವುದೇ? ಅವಳು ನೆಟ್ಟಗೆ ನಿಂತಳು.

“ಅತ್ತಿ, ಕಿತ್ತ ಸಸಿ ಬಿಸಲಾಗ ಒಣಗಿಸಿದಾಕಿಗೆ ಏನಂತೀರಿ?”

“ಅನ್ನೋದೇನು, ಜುಟ್ಟು ಹಿಡೀತೀನಿ! ಕಿತ್ತ ಮ್ಯಾಲ ಹಚ್ಚಾಕ ಬೇಕು.”

“ಈ ಬಾಟ್ಲೀನೂ ಹಂಗ ಐತ್ರಿ. ತೆಗದ ಮ್ಯಾಲ ಬರೇ ನಾಲ್ಕು ತಾಸು.”

ಮಾರೆವ್ವ ಸೊಸೆಯನ್ನು ದುರುಗುಟ್ಟಿ ನೋಡಿದಳು. ಕೈಯಲ್ಲಿದ್ದ ಸಸಿಯನ್ನು ಕೆಸರಿಗೆ ಒತ್ತಿದಳು. ಕೊನೆಗೆ ತಾನೇ ಹೋಗಿ ಜೋಲಿಯಿಂದ ಮೊಮ್ಮಗಳನ್ನು ಎತ್ತಿ ತಂದಳು.

“ಕೂಸಿರೋರೆಲ್ಲ ಹೋಗ್ರಿ. ನಿಮ್ಮ ಸಾಲು ನಾವು ಹಚ್ಚತೀವಿ. ಕೆಸರು ಆಮ್ಯಾಲ ತೊಳಕೊಳ್ಳಾಕ ಬರತೈತಿ, ಓಡ್ರಿ!”

ಶಿವಲೀಲಾ, ಮಲ್ಲೇಶ್ವರಿ, ಗುಂಪಿನ ಇನ್ನೊಬ್ಬ ತಾಯಿ, ಮೂವರೂ ಕೂಸುಗಳನ್ನು ಎತ್ತಿಕೊಂಡು ಓಡಿದರು. ಅಂಗನವಾಡಿ ತಲುಪಿದಾಗ ಎರಡಕ್ಕೆ ಹತ್ತೇ ನಿಮಿಷ ಬಾಕಿ. ಸೂಜಿ ತಾಗಿದಾಗ ಅನುಷಾ ಚೀರಿದಳು. ಸದ್ಯ ಆಯಿತಲ್ಲ ಎಂಬ ಸಮಾಧಾನಕ್ಕೆ ಶಿವಲೀಲಾಳೂ ಅತ್ತಳು.

ಎರಡು ಹೊಡೆದಾಗ ಬಾಟಲಿಯಲ್ಲಿ ಇನ್ನೂ ಒಂದು ಕೂಸಿನ ಪಾಲು ಉಳಿದಿತ್ತು. ಇಮಾಮಬಾನುವಿನ ಪಟ್ಟಿಯಲ್ಲಿ ಇನ್ನೊಂದು ಕೂಸಿನ ಹೆಸರಿತ್ತು, ಕೂಸು ಬಂದಿರಲಿಲ್ಲ. ಸಿಸ್ಟರ್ ಬಾಟಲಿಯನ್ನು ಕಸದ ಚೀಲಕ್ಕೆ ಹಾಕಿದರು.

ಆ ಕೂಸು ನಿಮ್ಮ ಮನೆಯದೇ? ಇವತ್ತೇ ತಾಯಿ-ಮಗುವಿನ ಕಾರ್ಡು ತೆಗೆದು ಲಸಿಕೆಯ ದಿನ ನೋಡಿ. ಆ ದಿನ ಬೆಳಿಗ್ಗೆಯೇ ಬನ್ನಿ, ನೆರೆಮನೆಯ ಕೂಸನ್ನೂ ಕರೆತನ್ನಿ. ದಿನ ತಪ್ಪಿದ್ದರೆ ನಾಚಿಕೊಳ್ಳಬೇಡಿ, ಆಶಾ ಅಕ್ಕನನ್ನು ಕೇಳಿ. ಲಸಿಕೆಯ ಬೆಲೆಯನ್ನು ನಾವೆಲ್ಲ ಸೇರಿ ಆಗಲೇ ಕೊಟ್ಟಾಗಿದೆ. ಕೂಸನ್ನು ಕರೆತರುವುದಷ್ಟೇ ಬಾಕಿ.